ಎರೆಹೊಲದ ದಾರಿಗೆ ಹಳೆಯ ಡಾಂಬರು: ಮೊದಲ ಮಳೆಯ ನಂತರ

ಶನಿವಾರ ರಾತ್ರಿ ಮಳೆ ಹೊಡೆಯಿತು. ಬೆಳಗ್ಗೆ ಚಹಾ ಕೂಡ ಕುಡಿಯದೆ ದಾರಿ ನೋಡಲು ಓಡಿದೆ. 120 ಮೀಟರಿನಲ್ಲಿ ನೂರು ಮೀಟರ್ ಅಲುಗಾಡದೆ ನಿಂತಿದೆ. ಉಳಿದ ಇಪ್ಪತ್ತರ ಸುದ್ದಿ ಆಮೇಲೆ.

ವಿಜಯಪುರ ಜಿಲ್ಲೆಯ ಡೋಣಿ ಬಯಲಿನಲ್ಲಿ ನಮ್ಮ ಹೊಲ. ಜೋಳಕ್ಕೆ ಬಂಗಾರದಂಥ ಎರೆಮಣ್ಣು, ದಾರಿಗೆ ಮಾತ್ರ ಶನಿ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು. ಮಳೆಗಾಲದಲ್ಲಿ ನೀರು ಕುಡಿದು ಉಬ್ಬಿ, ಕಾಲಿನ ಚಪ್ಪಲಿಯನ್ನೇ ಕಿತ್ತುಕೊಳ್ಳುತ್ತದೆ. ಹೀಗಾಗಿ ಏಪ್ರಿಲ್‌ನಲ್ಲಿ 30 ಸೆಂ.ಮೀ. ಎರೆ ತೆಗೆದು ಗರಸು ತುಂಬಿಸಿದೆ. ಅದರಲ್ಲಿ ಹೇಳಿಕೊಳ್ಳುವಂಥದ್ದು ಸೊಂಟನೋವು ಮಾತ್ರ.

ಮೇ ತಿಂಗಳಲ್ಲಿ ಐದು ಟಿಪ್ಪರ್ ಹಳೆಯ ಡಾಂಬರು ಬಂತು. ರಸ್ತೆಯ ಮೇಲ್ಪದರವನ್ನು ಯಂತ್ರದಿಂದ ಕೆರೆದಾಗ ಸಿಗುವ ಪುಡಿ ಇದು. ‘ಎಲ್ಲ ಸಣ್ಣದೇ’ ಎಂದು ಮಾರಿದವರ ಮಾತು ನಂಬಿದೆ. ಮುಷ್ಟಿಗಿಂತ ದೊಡ್ಡ ಹೆಂಟೆಗಳನ್ನು ಒಡೆಯುವುದರಲ್ಲಿ ಎರಡು ದಿನ ಹೋಯಿತು.

ಪೂರ್ತಿ ಇದನ್ನೇ ಹಾಕಬಹುದಿತ್ತು, ಅಗ್ಗವೂ ಆಗುತ್ತಿತ್ತು. ಆದರೆ ಪ್ರತಿ ಕಲ್ಲಿಗೂ ಡಾಂಬರಿನ ಲೇಪವಿರುವುದರಿಂದ ಹೊಸ ಖಡಿಯಂತೆ (ಜಲ್ಲಿಕಲ್ಲಿನಂತೆ) ಕಲ್ಲಿಗೆ ಕಲ್ಲು ಕಚ್ಚಿಕೊಳ್ಳುವುದಿಲ್ಲ. ಭಾರ ಬಹಳ ಹೊತ್ತು ನಿಂತರೆ ಮೆಲ್ಲಗೆ ಜಾರುತ್ತದೆ. ಇದನ್ನು ಓದಿಯೂ ಪರೀಕ್ಷಿಸದೆ ಬಿಡಲಾಗಲಿಲ್ಲ: ಒಂದು ತುಂಡಿನಲ್ಲಿ ಬರೀ ಪುಡಿ ಹಾಸಿ, ತುಂಬಿದ ಟ್ರೇಲರನ್ನು ರಾತ್ರಿಯಿಡೀ ನಿಲ್ಲಿಸಿದೆ. ಬೆಳಗಾಗುವಷ್ಟರಲ್ಲಿ ಗಾಲಿಯ ಕೆಳಗೆ ಅಚ್ಚು ಮೂಡಿತ್ತು. ಆಮೇಲೆ ಅರ್ಧ ಪುಡಿ, ಅರ್ಧ ಖಡಿ ಬೆರೆಸಿದೆ.

ರಸ್ತೆ ಕಾಮಗಾರಿಯ ಮಾನದಂಡ ರೂಪಿಸುವ ಭಾರತೀಯ ರಸ್ತೆ ಕಾಂಗ್ರೆಸ್ ಸಂಸ್ಥೆ ಡಾಂಬರು ರಸ್ತೆಗಳ ಮರುಬಳಕೆಗೆಂದೇ 2015ರಲ್ಲಿ 120ನೇ ಸಂಖ್ಯೆಯ ಕೈಪಿಡಿ ತಂದಿದೆ. ಹಳೆಯ ಡಾಂಬರಿಗೆ ನೊರೆ ಬಿಟುಮಿನ್ (ನೊರೆ ಬರಿಸಿದ ಬಿಸಿ ಡಾಂಬರು) ಅಥವಾ ಎಮಲ್ಷನ್ (ನೀರಿನಲ್ಲಿ ಬೆರೆಸಿದ ಡಾಂಬರು) ಸೇರಿಸುವುದು ದೊಡ್ಡ ರಸ್ತೆಗಳವರ ದಾರಿ. ನನ್ನ ಬಳಿ ಇದ್ದದ್ದು ಬಾಡಿಗೆ ರೋಲರ್ ಮತ್ತು ನಮ್ಮೂರ ಬಿಸಿಲು.

ಆ ಬಿಸಿಲೇ ಕೆಲಸಕ್ಕೆ ಬಂತು. ಬೆಳಗ್ಗೆ ಏಳಕ್ಕೆ ಉರುಳಿಸಿದ ಭಾಗ ಕೋಲಿನಿಂದ ಕೆದಕಿದರೆ ಸಡಿಲ. ಮಧ್ಯಾಹ್ನ ಮೂರಕ್ಕೆ, ಪುಡಿ ಕೈಗೆ ಅಂಟುವಷ್ಟು ಕಾದಾಗ ಉರುಳಿಸಿದ್ದು ಹಲಗೆಯಂತೆ ಕೂತಿದೆ. ರೋಲರ್ ಚಾಲಕ ನನ್ನನ್ನು ಶಪಿಸಿದ್ದು ಕೇಳಿಸಿತು. ಮಜ್ಜಿಗೆ ಕೊಟ್ಟು ಸಮಾಧಾನ ಮಾಡಿದೆ.

ಈಗ ಆ ಇಪ್ಪತ್ತು ಮೀಟರ್. ಕೊನೆಯ ದಿನ ಅವಸರಪಟ್ಟು 20 ಸೆಂ.ಮೀ. ದಪ್ಪವನ್ನು ಒಂದೇ ಸಲ ಹಾಸಿದ್ದೆ. ಮೇಲೆ ಗಟ್ಟಿ ಹೊಪ್ಪಳೆ, ಅಡಿಯಲ್ಲಿ ಹಿಟ್ಟಿನಂತೆ ಸಡಿಲ. ಸಾಲದ್ದಕ್ಕೆ ಅಲ್ಲಿ ಪಕ್ಕದ ಬದುವಿನ ನೀರು ಬಂದು ನಿಲ್ಲುತ್ತದೆ. ಟ್ರ್ಯಾಕ್ಟರ್ ಹೋದ ಕಡೆ ಎರಡು ಗೆರೆ ಕುಸಿದಿವೆ.

ಸೋಮವಾರ ಅದನ್ನು ಕಿತ್ತು, 10 ಸೆಂ.ಮೀ.ಗಳ ಎರಡು ಪದರ ಮಾಡಿ ಹಾಸಬೇಕು. ಅದಕ್ಕೂ ಮೊದಲು ಬದುವಿನ ಕಡೆ ಕಾಲುವೆ ತೋಡಬೇಕು. ರೋಲರಿನವನು ಬರುತ್ತೇನೆ ಎಂದಿದ್ದಾನೆ, ಮೂರು ಗಂಟೆಗಲ್ಲ, ಐದಕ್ಕೆ.