ಸಕ್ಷನ್ ಹಚ್ಚಿದ ಮೇಲೆ ಬೆಲ್ಲೋಸ್ ಮೇಲೇಳಲಿಲ್ಲ

ಪಿತ್ತಕೋಶದ ಲ್ಯಾಪ್ರೊಸ್ಕೋಪಿಗೆ ಅರಿವಳಿಕೆ ಕೊಟ್ಟು, ಉಸಿರಾಟಕ್ಕಾಗಿ ಶ್ವಾಸನಾಳದೊಳಗೆ ಎಂಡೋಟ್ರೇಕಿಯಲ್ ಟ್ಯೂಬ್ ಹಾಕಿ, ಅದರ ಸುತ್ತಲಿನ ಬಲೂನನ್ನು (ಕಫ್) ಉಬ್ಬಿಸಿದ ಮೇಲೆ, ಜಠರವನ್ನು ಬರಿದು ಮಾಡುವ 16 ಫ್ರೆಂಚ್ ಗಾತ್ರದ ರೈಲ್ಸ್ ಟ್ಯೂಬನ್ನು ಮೂಗಿನ ಮೂಲಕ ಇಳಿಸಿದೆ. ಮೊದಲ ಸಲ ಅದು ಬಾಯಲ್ಲೇ ಸುರುಳಿ ಸುತ್ತಿಕೊಂಡಿತು. ಎರಡನೆಯ ಸಲ ಗಂಟಲಿನಲ್ಲಿ ತಡೆದಂತಾದರೂ ಸ್ವಲ್ಪ ಒತ್ತಿದಾಗ ಒಳಗೆ ಹೋಯಿತು; ಆ ಒತ್ತಡವನ್ನು ನನ್ನ ಬೆರಳುಗಳು ಇನ್ನೂ ಮರೆತಿಲ್ಲ. ಸಿರಿಂಜಿನಿಂದ ಗಾಳಿ ಬಿಟ್ಟು ಹೊಟ್ಟೆಯ ಮೇಲೆ ಸ್ಟೆತೊಸ್ಕೋಪ್ ಇಟ್ಟಾಗ ಶಬ್ದ ಕೇಳಿಸಿತು. ಅದನ್ನೇ ನಂಬಿ ಪ್ಲಾಸ್ಟರ್ ಅಂಟಿಸಿದೆ.

ಕ್ಯಾಮೆರಾ ಒಳಗೆ ಹೋದ ಕೂಡಲೇ ಸರ್ಜನ್, "ಜಠರ ಉಬ್ಬಿದೆ, ಸಕ್ಷನ್ ಕೊಡಿ" ಎಂದರು. ಹೀರುವ ಯಂತ್ರದ ಪೈಪನ್ನು ರೈಲ್ಸ್ ಟ್ಯೂಬಿಗೆ ಜೋಡಿಸಿದ ಕೆಲವೇ ಕ್ಷಣಗಳಲ್ಲಿ, ಉಸಿರು ಕೊಟ್ಟು ಮತ್ತೆ ಮೇಲೇಳಬೇಕಾದ ವೆಂಟಿಲೇಟರಿನ ತಿದಿ, ಅಂದರೆ ಬೆಲ್ಲೋಸ್, ಪ್ರತಿ ಉಸಿರಿಗೂ ಕೆಳಗಿಳಿಯುತ್ತ ಬಂದು ಕೊನೆಗೆ ತಳ ಕಚ್ಚಿತು. ಕಫ್ ಸೋರುತ್ತಿದೆಯೆಂದುಕೊಂಡು ಇನ್ನಷ್ಟು ಗಾಳಿ ತುಂಬಿದೆ, ಸರ್ಕ್ಯೂಟಿನ ಪ್ರತಿಯೊಂದು ಜೋಡಣೆಯನ್ನೂ ಮುಟ್ಟಿ ನೋಡಿದೆ, ಆಕ್ಸಿಜನ್ ಹರಿವು ಹೆಚ್ಚಿಸಿ, ಕೈಯಿಂದ ಒತ್ತಿ ಉಸಿರು ಕೊಡುವ ಬ್ಯಾಗ್ ಹಿಡಿದೆ. ಬ್ಯಾಗ್ ತುಂಬಲೇ ಇಲ್ಲ. ರಕ್ತದ ಆಕ್ಸಿಜನ್ ಸ್ಯಾಚುರೇಷನ್ ಶೇ. 99ರಿಂದ 86ಕ್ಕೆ ಇಳಿದಿತ್ತು. ಆಗ ಟೆಕ್ನಿಷಿಯನ್ ಮೆಲ್ಲಗೆ, "ಸರ್, ಸಕ್ಷನ್ ಹಚ್ಚಿದ ಮೇಲೇ ಹೀಗಾಗಿದ್ದು" ಎಂದರು. ಪೈಪನ್ನು ಕಿತ್ತೆ. ಬೆಲ್ಲೋಸ್ ಎದ್ದಿತು.

ಗಂಟಲಿನ ಒಳಭಾಗ ತೋರಿಸುವ ಲ್ಯಾರಿಂಗೋಸ್ಕೋಪ್ ಹಾಕಿ ನೋಡಿದರೆ, ರೈಲ್ಸ್ ಟ್ಯೂಬ್ ಎಂಡೋಟ್ರೇಕಿಯಲ್ ಟ್ಯೂಬಿನ ಪಕ್ಕದಲ್ಲೇ ಧ್ವನಿತಂತುಗಳ ನಡುವೆ ಹಾದು ಶ್ವಾಸನಾಳಕ್ಕೆ ಇಳಿದಿತ್ತು. ನಾನು ಕೊಟ್ಟ ಉಸಿರನ್ನು ನಾನೇ ಹೊರಗೆ ಎಳೆಯುತ್ತಿದ್ದೆ. ಉಬ್ಬಿದ ಕಫ್ ದಾರಿ ಮುಚ್ಚಿರುತ್ತದೆ ಎಂಬ ನನ್ನ ನಂಬಿಕೆಯೇ ತಪ್ಪಾಗಿತ್ತು. ಮೃದುವಾದ ಆ ಕಫ್ ಒತ್ತಿ ನುಗ್ಗಿಸಿದ ಟ್ಯೂಬಿಗೆ ಜಾಗ ಬಿಡುತ್ತದೆ. ಅರಿವಳಿಕೆಯಲ್ಲಿರುವ ರೋಗಿ ಕೆಮ್ಮಿ ಎಚ್ಚರಿಸುವುದೂ ಇಲ್ಲ. ಇನ್ನೂ ಆಳಕ್ಕೆ ತಳ್ಳಿದ್ದರೆ ಶ್ವಾಸಕೋಶ ತೂತಾಗಿ, ಅದರ ಸುತ್ತ ಗಾಳಿ ತುಂಬುವ ನ್ಯೂಮೊಥೊರಾಕ್ಸ್ ಆಗಬಹುದಿತ್ತು. ಟ್ಯೂಬ್ ತೆಗೆದು, ಬಾಗಿದ ಇಕ್ಕಳದಂಥ ಮ್ಯಾಗಿಲ್ ಫೋರ್ಸೆಪ್ಸ್‌ನಿಂದ ಕಣ್ಣೆದುರೇ ಅನ್ನನಾಳಕ್ಕೆ ಇಳಿಸಿದೆ. ಶಸ್ತ್ರಚಿಕಿತ್ಸೆಯ ನಂತರ ಎದೆಯ ಎಕ್ಸ್-ರೇ ಸರಿಯಾಗಿ ಬರುವವರೆಗೂ ನಾನು ರಿಕವರಿ ಕೋಣೆ ಬಿಟ್ಟು ಕದಲಲಿಲ್ಲ.

ಶ್ವಾಸಕೋಶಕ್ಕೆ ಬಿಟ್ಟ ಗಾಳಿಯ ಸದ್ದೂ ಹೊಟ್ಟೆಯ ಮೇಲೆ ಕೇಳಿಸುತ್ತದೆ ಎಂದು ಓದಿದ್ದೆ, ಕಿರಿಯರಿಗೆ ಪಾಠವನ್ನೂ ಮಾಡಿದ್ದೆ. ಟ್ಯೂಬಿನಿಂದ ಹೀರಿದ ದ್ರವದ ಆಮ್ಲೀಯತೆಯ ಅಳತೆ (ಪಿಎಚ್) 5.5 ಅಥವಾ ಅದಕ್ಕಿಂತ ಕಡಿಮೆಯಿದ್ದರೆ ಜಠರವೆಂದು ನೋಡುವ ಪರೀಕ್ಷಾ ಕಾಗದದ ಪಟ್ಟಿಗಳನ್ನು ಥಿಯೇಟರಿಗೆ ತರಿಸಿಕೊಡಿ ಎಂದು ಎರಡು ಸಲ ಬರೆದುಕೊಟ್ಟರೂ ಆಡಳಿತದಿಂದ ಉತ್ತರ ಬಂದಿಲ್ಲ. ಆಮ್ಲ ತಗ್ಗಿಸುವ ಔಷಧ ಪಡೆದವರಲ್ಲಿ ಆ ಅಂಕಿಯೂ ದಾರಿ ತಪ್ಪಿಸಬಹುದು, ನಿಜ. ಆದರೆ ಲ್ಯಾರಿಂಗೋಸ್ಕೋಪ್ ಅಂದು ನನ್ನ ಕೈಯಳತೆಯಲ್ಲೇ ಇತ್ತು. ಟ್ಯೂಬ್ ತಡೆದ ಆ ಗಳಿಗೆಯಲ್ಲಿ ನಾನು ಅದನ್ನು ಎತ್ತಿಕೊಳ್ಳಲಿಲ್ಲ.