ಪಬ್ಲಿಷರ್ ಅಂತ ಕಂಡ ಕೀ

ಮಂಗಳವಾರ ಸಂಜೆ ವಾಟ್ಸಾಪ್‌ನಲ್ಲಿ ಬಂದ ಆ ಫೈಲ್ ಇನ್ನೂ ಕಣ್ಣ ಮುಂದಿದೆ. ತೆರೆದರೆ ಮೊದಲ ಸಾಲಿನಲ್ಲೇ 'ಬಿಗಿನ್ ಓಪನ್‌ಎಸ್‌ಎಸ್‌ಎಚ್ ಪ್ರೈವೇಟ್ ಕೀ'. ಕೆಳಗೆ ಅವಳ ಮೆಸೇಜು: "ಸರ್, ಕೀ ಕಳಿಸಿದೀನಿ. ಸರಿ ಇದೆಯಾ?"

ತಂಡಕ್ಕೆ ಸೇರಿ ಎರಡು ತಿಂಗಳಾದ ಹುಡುಗಿ. ಸರ್ವರ್‌ನಲ್ಲಿರೋ ಮೈಎಸ್‌ಕ್ಯೂಎಲ್ ಡೇಟಾಬೇಸನ್ನು ತನ್ನ ವಿಂಡೋಸ್ ಲ್ಯಾಪ್‌ಟಾಪ್‌ನಿಂದ ನೋಡಬೇಕಿತ್ತು. "ಎಸ್‌ಎಸ್‌ಎಚ್ ಕೀ ಮಾಡ್ಕೊಂಡು ಪಬ್ಲಿಕ್ ಕೀ ಕಳಿಸಮ್ಮ" ಅಂದಿದ್ದೆ. ಎಸ್‌ಎಸ್‌ಎಚ್ ಅಂದರೆ ದೂರದ ಸರ್ವರ್‌ಗೆ ಸುರಕ್ಷಿತವಾಗಿ ಸೇರೋ ದಾರಿ. ಅದರ ಕೀ ಜೋಡಿಯಾಗಿ ಬರುತ್ತೆ: ಪಬ್ಲಿಕ್ ಕೀ ಸರ್ವರ್‌ನಲ್ಲಿ ಹಾಕೋಕೆ, ಪ್ರೈವೇಟ್ ಕೀ ತನ್ನ ಹತ್ತಿರವೇ ಇಟ್ಕೊಳ್ಳೋಕೆ. ಯಾರಿಗೂ ಕೊಡಬಾರದ ಆ ಪ್ರೈವೇಟ್ ಕೀಯನ್ನೇ ಕಳಿಸಿದ್ದಳು. "ಇಷ್ಟೂ ಗೊತ್ತಾಗಲ್ವಾ?" ಅಂತ ಬರೆದು ಕಳಿಸಿಬಿಟ್ಟೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ಬೆಳಗ್ಗೆ ಅವಳ ಪಕ್ಕ ಕೂತೆ. ಫೋಲ್ಡರ್ ತೆರೆದು ತೋರಿಸಿದಳು. ಒಂದೇ ಹೆಸರಿನ ಎರಡು ಫೈಲ್. ಪಬ್ಲಿಕ್ ಕೀ ಫೈಲಿನ ಹೆಸರಿನ ಕೊನೆಯ 'ಪಬ್' ಅನ್ನೋದನ್ನ ವಿಂಡೋಸ್ ಮುಚ್ಚಿಟ್ಟಿದೆ. ಒಂದರ ಮುಂದೆ ಬರೀ 'ಫೈಲ್', ಇನ್ನೊಂದರ ಮುಂದೆ 'ಮೈಕ್ರೋಸಾಫ್ಟ್ ಪಬ್ಲಿಷರ್ ಡಾಕ್ಯುಮೆಂಟ್'. ಪಬ್ಲಿಷರ್ ಅನ್ನೋ ಆಫೀಸ್ ಪ್ರೋಗ್ರಾಂನ ಫೈಲ್‌ಗಳ ಹೆಸರೂ 'ಪಬ್' ಅಂತಲೇ ಮುಗಿಯೋದು, ಅದಕ್ಕೇ ಪಬ್ಲಿಕ್ ಕೀಗೂ ಆ ಹೆಸರು.

"ಇದು ಆಫೀಸ್ ಫೈಲು ಅಂದ್ಕೊಂಡೆ ಸರ್. ಓಪನ್ ಮಾಡಿದ್ರೆ ಎರರ್ ಬಂತು. ಅದಕ್ಕೇ ಇನ್ನೊಂದನ್ನ ಕಳಿಸ್ದೆ."

ಅವಳು ಯೋಚನೆ ಮಾಡಿಯೇ ಕಳಿಸಿದ್ದಳು. ಕಣ್ಣಿಗೆ ಕಂಡಿದ್ದನ್ನ ನಂಬಿದ್ದಳು. ಹದಿನೈದು ವರ್ಷ ಲಿನಕ್ಸ್‌ನಲ್ಲೇ ಕೆಲಸ ಮಾಡಿದ ನಾನು ಆ ಪರದೆಯನ್ನ ಒಂದು ಸಲವೂ ನೋಡಿರಲಿಲ್ಲ. "ಇಷ್ಟೂ ಗೊತ್ತಾಗಲ್ವಾ" ಅನ್ನೋ ಮಾತು ಎರಡು ದಿನದಿಂದ ಎದೆಯಲ್ಲಿ ಚುಚ್ತಾ ಇದೆ.

ಆ ಕೀ ಬಿಸಾಕಿ ಹೊಸದು ಮಾಡಿದೆವು. ಒಮ್ಮೆ ಹೊರಗೆ ಹೋದ ಪ್ರೈವೇಟ್ ಕೀ ಮತ್ತೆ ಗುಟ್ಟಾಗಲ್ಲ, ಮೆಸೇಜ್ ಡಿಲೀಟ್ ಮಾಡಿದರೂ ಅಷ್ಟೇ. ಹೊಸ ಕೀಯನ್ನ ಅವಳು ಲ್ಯಾಪ್‌ಟಾಪ್‌ನ ಬೇರೆ ಬಳಕೆದಾರರೂ ಓದಬಹುದಾದ ಡಿ ಡ್ರೈವ್‌ನಲ್ಲಿ ಇಟ್ಟಿದ್ದರಿಂದ 'ಅನ್‌ಪ್ರೊಟೆಕ್ಟೆಡ್ ಪ್ರೈವೇಟ್ ಕೀ ಫೈಲ್' ಅಂತ ಎಸ್‌ಎಸ್‌ಎಚ್ ತಕರಾರು ತೆಗೀತು. ಪ್ರಾಪರ್ಟೀಸ್, ಸೆಕ್ಯೂರಿಟಿಗೆ ಹೋಗಿ ಇನ್ಹೆರಿಟೆನ್ಸ್ (ಮೇಲಿನ ಫೋಲ್ಡರ್‌ನಿಂದ ತಾನಾಗೇ ಬಂದ ಅನುಮತಿ) ತೆಗೆದು ಅವಳ ಹೆಸರೊಂದನ್ನೇ ಉಳಿಸಿದ ಮೇಲೆ ಸುಮ್ಮನಾಯ್ತು. ಆಮೇಲೆ ಲ್ಯಾಪ್‌ಟಾಪ್‌ನ 3307ನೇ ಪೋರ್ಟ್‌ನಿಂದ ಸರ್ವರ್‌ನಲ್ಲಿ ಮೈಎಸ್‌ಕ್ಯೂಎಲ್ ಬಳಸೋ 3306ನೇ ಪೋರ್ಟ್‌ಗೆ ಎಸ್‌ಎಸ್‌ಎಚ್ ಮೂಲಕ ಟನಲ್, ಅಂದರೆ ಹೊರಗಿನವರಿಗೆ ಕಾಣದ ಸುರಂಗ. ಡೇಟಾಬೇಸ್ ನೋಡೋ ವರ್ಕ್‌ಬೆಂಚ್ ಪ್ರೋಗ್ರಾಂನಲ್ಲಿ ಟೇಬಲ್‌ಗಳು ಸಾಲಾಗಿ ಮೂಡಿದಾಗ ಅವಳು ಕುರ್ಚಿಗೆ ಒರಗಿ ಉಸಿರು ಬಿಟ್ಟಳು.

ಆ ಕಡೆ ಹೋಗ್ತಿದ್ದ ನಮ್ಮ ಹಿರಿಯರೊಬ್ಬರು, "ಯಾಕ್ರೀ ಇಷ್ಟು ಕಷ್ಟ, 3306 ಓಪನ್ ಮಾಡಿಕೊಡಿ" ಅಂದರು. ಒಳ್ಳೇ ಮನುಷ್ಯ, ಆದರೆ ಈ ವಿಷಯದಲ್ಲಿ ಅವರ ಮಾತು ಪೂರ್ತಿ ತಪ್ಪು. ಡೇಟಾಬೇಸ್ ಬಾಗಿಲನ್ನ ಇಡೀ ಇಂಟರ್ನೆಟ್‌ಗೆ ತೆರೆದಿಡೋದಾ? 1995ರಲ್ಲಿ ಫಿನ್ಲೆಂಡಿನ ಟಾಟು ಯ್ಲೋನೆನ್ ಎಸ್‌ಎಸ್‌ಎಚ್ ಬರೆದದ್ದೇ, ಅವರ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲಿ ಯಾರೋ ಪಾಸ್‌ವರ್ಡ್ ಕದ್ದಾಗ. ನಮ್ಮ ಡೇಟಾಬೇಸ್‌ನಲ್ಲಿರೋದು ಬೇರೆಯವರ ಫೋನ್ ನಂಬರು, ವಿಳಾಸ. ನಮ್ಮನ್ನ ನಂಬಿ ಕೊಟ್ಟಿದ್ದು.

ಅಷ್ಟು ಕಾಳಜಿ ಇರೋ ನಾನೇ ನಮ್ಮ ಸೆಟಪ್ ಡಾಕ್ಯುಮೆಂಟ್‌ನಲ್ಲಿ 'ಕೀ ಜನರೇಟ್ ಮಾಡಿ' ಅಂತ ಒಂದೇ ಸಾಲು ಬರೆದು ಕೈ ತೊಳ್ಕೊಂಡಿದ್ದೆ. ಕಲಿಯೋಕೆ ಬಂದವರು ಹೆದರಿ ಕೇಳೋದನ್ನೇ ಬಿಟ್ಟರೆ ಯಾವ ಕೀ ತಾನೇ ಏನು ಕಾಪಾಡುತ್ತೆ?

"ಸಾರಿ ಕಣಮ್ಮ" ಅಂದೆ. "ಪರವಾಗಿಲ್ಲ ಸರ್" ಅಂದು ಡಾಕ್ಯುಮೆಂಟ್ ತೆರೆದಳು. ಅವಳೇ ಹೇಳ್ತಾ ಹೋದಳು, ನಾನು ಟೈಪ್ ಮಾಡಿದೆ: "ವಿಂಡೋಸ್‌ನಲ್ಲಿ ಪಬ್ಲಿಷರ್ ಅಂತ ತೋರಿಸೋ ಫೈಲನ್ನೇ ಕಳಿಸಿ. ಇನ್ನೊಂದನ್ನ ಯಾರಿಗೂ ಕೊಡಬೇಡಿ, ಸರ್ ಕೇಳಿದ್ರೂ."