ಜೆಸಿಬಿ ಬಕೆಟ್ ನೆಲ ಮುಟ್ಟುವ ಮೊದಲು

ಮೇ ತಿಂಗಳ ಕೊನೆಗೆ ಶಿವಮೊಗ್ಗದಿಂದ ಸೋದರಮಾವನ ತೋಟಕ್ಕೆ ಹೋಗಿದ್ದೆ. ಘಟ್ಟದ ಅಂಚಿನ ಊರು. ಮಳೆ ಹಿಡಿಯುವ ಮೊದಲು ತೋಟದ ಸುತ್ತ ಅಗಳ ತೆಗೆಸಿಬಿಡಬೇಕು ಅಂತ ಮಾವ ಜೆಸಿಬಿ ತರಿಸಿದ್ದರು. ಡ್ರೈವರ್ ಹುಡುಗ ಬಯಲುಸೀಮೆ ಕಡೆಯವನು, ಕೆಲಸದಲ್ಲಿ ಚುರುಕು. ತಿಂಡಿ ಮುಗಿಸಿ ಶುರು ಮಾಡಿದವನು ಹನ್ನೊಂದು ಗಂಟೆಗೆಲ್ಲ ಕೆಳಗಿನ ಹಳ್ಳದ ಹತ್ತಿರ ಬಂದಿದ್ದ. ಆಗ ಆಚೆ ದಿಬ್ಬದಿಂದ ಒಬ್ಬರು ಕೈ ಬೀಸುತ್ತಾ, ಕೂಗುತ್ತಾ ಓಡಿ ಬಂದರು. ಪೈಪ್‌ಲೈನ್ ಹಾದಿಯಲ್ಲಿ ನಡೆದು ಕಾಯುವವರು, ಲೈನ್ ವಾಕರ್ ಅಂತಾರೆ.

"ನಿಲ್ಸಿ ನಿಲ್ಸಿ, ಅಡೀಲಿ ಪೈಪ್ ಇದೆ!"

ಬಕೆಟ್ ಮೇಲೆದ್ದಿತು. ಇಂಜಿನ್ ನಿಂತಿತು. ಒಂದು ನಿಮಿಷ ಯಾರೂ ಮಾತಾಡಲಿಲ್ಲ.

ಪೈಪ್ ಇರುವುದು ಮಾವನಿಗೆ ಗೊತ್ತಿತ್ತು. ಆದರೆ ಅವರ ಲೆಕ್ಕದಲ್ಲಿ ಅದು ಹಲಸಿನ ಮರದಿಂದ ಆಚೆ. ಯಾಕೆಂದರೆ ಗುರುತಿನ ಕಂಬ ಅಲ್ಲೇ ಇತ್ತು. ಎರಡು ಮಳೆಗಾಲದ ಹಿಂದೆ ಧರೆ ಜರಿದು ಕಂಬವೂ ಉರುಳಿತ್ತಂತೆ, ಆಮೇಲೆ ಯಾರೋ ಅದನ್ನು ಎತ್ತಿ, ಗಟ್ಟಿ ನೆಲ ಸಿಕ್ಕಿದ ಕಡೆ ನೆಟ್ಟು ಹೋಗಿದ್ದಾರೆ. ನಿಜವಾದ ಪೈಪಿಗೂ ಆ ಕಂಬಕ್ಕೂ ಹನ್ನೆರಡು ಹೆಜ್ಜೆ ದೂರ. ನಾನೇ ನಡೆದು ಅಳೆದೆ. ಅವತ್ತು ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಮಲೆನಾಡಿನ ನೆಲದಡಿ ಏನೇನು ಹರಿಯುತ್ತಿದೆ ಅಂತ ನಮ್ಮಲ್ಲಿ ಬಹಳ ಜನಕ್ಕೆ ಅಂದಾಜೇ ಇಲ್ಲ. ಮಂಗಳೂರಿನಿಂದ ಘಟ್ಟ ಹತ್ತಿ, ಹಾಸನದ ಮೇಲೆ ಬೆಂಗಳೂರಿಗೆ ಪೆಟ್ರೋಲ್, ಡೀಸೆಲ್ ಸಾಗಿಸುವ ಪೈಪ್ 2003ರಿಂದ ಕೆಲಸ ಮಾಡುತ್ತಿದೆ. ಉದ್ದ 360 ಕಿಲೋಮೀಟರಿಗೂ ಜಾಸ್ತಿ. ಅಡುಗೆ ಗ್ಯಾಸಿಗೆ ಬೇರೆ ಪೈಪ್ ಇದೆ, ಅದೂ ಮಂಗಳೂರಿನಿಂದಲೇ ಹಾಸನಕ್ಕೆ ಬರುತ್ತದೆ. ಇತ್ತ ಮಹಾರಾಷ್ಟ್ರದ ದಾಭೋಲ್‌ನಿಂದ ನೈಸರ್ಗಿಕ ಅನಿಲದ ದೊಡ್ಡ ಪೈಪ್ ಬೆಳಗಾವಿ, ಧಾರವಾಡ, ದಾವಣಗೆರೆ ಕಡೆಯಿಂದ ಹಾದು ಬೆಂಗಳೂರು ಸೇರುತ್ತದೆ.

ಪೈಪ್ ಬೇಡ ಅಂತ ನಾನು ಹೇಳುತ್ತಿಲ್ಲ. 2013ರಲ್ಲಿ ಉಪ್ಪಿನಂಗಡಿ ಹತ್ತಿರದ ಪೆರ್ನೆಯಲ್ಲಿ ಗ್ಯಾಸ್ ಟ್ಯಾಂಕರ್ ಉರುಳಿ, ಬೆಂಕಿ ಹತ್ತಿ ಜನ ಸತ್ತದ್ದನ್ನು ಆ ಕಡೆಯವರು ಇನ್ನೂ ಮರೆತಿಲ್ಲ. 2024ರ ಜುಲೈಯಲ್ಲಿ ಅಂಕೋಲಾ ಹತ್ತಿರದ ಶಿರೂರಿನಲ್ಲಿ ಗುಡ್ಡ ಕುಸಿದಾಗ ಗ್ಯಾಸ್ ಟ್ಯಾಂಕರೊಂದು ಗಂಗಾವಳಿ ಹೊಳೆಗೆ ಬಿದ್ದು ತೇಲಿಹೋಯಿತು. ಘಾಟಿಯ ತಿರುವುಗಳಲ್ಲಿ ಹಗಲು ರಾತ್ರಿ ಟ್ಯಾಂಕರ್ ಓಡಿಸುವುದಕ್ಕಿಂತ ನೆಲದಡಿಯ ಪೈಪ್ ಎಷ್ಟೋ ಮೇಲು. ಒಂದೇ ತೊಂದರೆ, ಟ್ಯಾಂಕರ್ ಕಣ್ಣಿಗೆ ಕಾಣುತ್ತದೆ, ಪೈಪ್ ಕಾಣುವುದಿಲ್ಲ. ಶರಾವತಿಯಲ್ಲಿ ಕರೆಂಟ್ ತಯಾರಿಸಲು ನೀರು ತರುವ ಪೈಪ್‌ಗಳು ಗುಡ್ಡದ ಮೇಲಿಂದ ಇಳಿಯುವುದನ್ನು ನೋಡಿದ್ದೀರಲ್ವಾ, ಅವನ್ನು ಯಾರೂ ಗೊತ್ತಿಲ್ಲದೆ ಅಗೆಯುವುದಿಲ್ಲ. ಒಂದು ಮೀಟರ್‌ಗಿಂತ ತುಸು ಆಳದಲ್ಲಿ ಹೂತಿರುವ ಪೈಪ್ ಹಾಗಲ್ಲ. ಜೆಸಿಬಿಯ ಕೈಗೆ ಒಂದು ಮೀಟರ್ ಯಾವ ಲೆಕ್ಕ?

ಪೈಪಿನೊಳಗೆ ಏನಿದೆ ಅನ್ನುವುದೂ ಮುಖ್ಯ. ನೈಸರ್ಗಿಕ ಅನಿಲ ಗಾಳಿಗಿಂತ ಹಗುರ, ಸೋರಿದರೆ ಮೇಲಕ್ಕೇರುತ್ತದೆ. ಅಡುಗೆ ಗ್ಯಾಸ್ ಗಾಳಿಗಿಂತ ಭಾರ, ನೆಲ ಹಿಡಿದುಕೊಂಡು ತಗ್ಗಿಗೆ ಹರಿಯುತ್ತದೆ. ನಮ್ಮ ಕಡೆ ತಗ್ಗು ಅಂದರೆ ಏನು? ಅಡಿಕೆ ತೋಟ, ಹಳ್ಳ, ಹಳ್ಳದ ದಡದ ಮನೆ. ಪೆಟ್ರೋಲ್ ಆದರೆ ನೀರಿನ ಮೇಲೆ ತೇಲಿಕೊಂಡು ಹೋಗುತ್ತದೆ. ಅಮೆರಿಕದ ಬೆಲಿಂಗ್‌ಹ್ಯಾಮ್ ಊರಲ್ಲಿ 1999ರ ಜೂನ್ 10ರಂದು ಆಗಿದ್ದು ಅದೇ. ಹಲವು ವರ್ಷ ಮೊದಲು ಬೇರೆ ಯಾವುದೋ ಕೆಲಸಕ್ಕೆ ಅಗೆದಾಗ ಪೈಪಿಗೆ ಪೆಟ್ಟು ಬಿದ್ದಿತ್ತು. ಅವತ್ತು ಅದು ಒಡೆಯಿತು. ಪೆಟ್ರೋಲ್ ಹಳ್ಳಕ್ಕೆ ಇಳಿದು ಬೆಂಕಿ ಹತ್ತಿಕೊಂಡಿತು. ಹಳ್ಳದ ಬದಿ ಆಡುತ್ತಿದ್ದ ಹತ್ತು ವರ್ಷದ ಇಬ್ಬರು ಹುಡುಗರು, ಮೀನು ಹಿಡಿಯುತ್ತಿದ್ದ ಒಬ್ಬ ಯುವಕ ಸತ್ತರು. ಇದನ್ನು ಓದಿದಾಗ ಮಾವನ ತೋಟದ ಕೆಳಗಿನ ಹಳ್ಳದಲ್ಲಿ ನಾವು ಏಡಿ ಹಿಡಿಯುತ್ತಿದ್ದ ದಿನಗಳು ಕಣ್ಣ ಮುಂದೆ ಬಂದವು.

ಆ ದುರಂತದ ನಂತರ, 2002ರ ಕಾನೂನಿನಲ್ಲಿ, ಪೈಪ್‌ಲೈನ್ ನಡೆಸುವವರು ತಮ್ಮ ಪೈಪ್ ಎಲ್ಲಿದೆ ಅಂತ ದೇಶದ ಒಂದೇ ನಕ್ಷೆಗೆ ಕೊಡಲೇಬೇಕು ಅಂತ ಅಮೆರಿಕ ನಿಯಮ ಮಾಡಿತು. ಯಾರು ಬೇಕಾದರೂ ತಮ್ಮ ಜಿಲ್ಲೆಯ ಪೈಪ್‌ಗಳನ್ನು ಅದರಲ್ಲಿ ನೋಡಬಹುದು. ಆದರೆ ಅದರಲ್ಲೂ ಗೆರೆ 500 ಅಡಿ ಆಚೀಚೆ ಇರಬಹುದು ಅಂತ ಅವರೇ ಹೇಳುತ್ತಾರೆ. 500 ಅಡಿ ಅಂದರೆ 150 ಮೀಟರ್. ನಮ್ಮಲ್ಲಿ ಅಷ್ಟರೊಳಗೆ ಒಂದು ಮನೆ, ಕೊಟ್ಟಿಗೆ, ತೋಟ, ಧರೆ ಎಲ್ಲಾ ಬಂದುಬಿಡುತ್ತದೆ. ಹಾಗಾಗಿ ಅಲ್ಲಿ ಅಗೆಯುವ ಮೊದಲು 811ಕ್ಕೆ ಫೋನ್ ಮಾಡಬೇಕು, ಆಯಾ ಪೈಪಿನವರು ಬಂದು ನೆಲದ ಮೇಲೆ ಬಣ್ಣದಲ್ಲಿ ಗುರುತು ಹಾಕುತ್ತಾರೆ.

ನಕ್ಷೆಯೇ ತಪ್ಪಿದ್ದರೆ? ಅದಕ್ಕೂ ಅಲ್ಲಿಯದೇ ಉದಾಹರಣೆ ಇದೆ. 2010ರ ಸೆಪ್ಟೆಂಬರ್ 9ರಂದು ಕ್ಯಾಲಿಫೋರ್ನಿಯಾದ ಸ್ಯಾನ್ ಬ್ರೂನೋ ಊರಲ್ಲಿ ಗ್ಯಾಸ್ ಪೈಪ್ ಸಿಡಿದು 8 ಜನ ಸತ್ತರು, 38 ಮನೆ ಸುಟ್ಟುಹೋದವು. ಕಂಪನಿಯ ದಾಖಲೆಯಲ್ಲಿ ಅದು ಬೆಸುಗೆ ಇಲ್ಲದ ಪೈಪ್. ನೆಲದಲ್ಲಿದ್ದದ್ದು ಉದ್ದಕ್ಕೂ ಬೆಸುಗೆ ಹಾಕಿದ ಪೈಪ್. ಒಡೆದದ್ದು ಆ ಬೆಸುಗೆಯಲ್ಲೇ. ಗ್ಯಾಸ್ ನಿಲ್ಲಿಸುವುದಕ್ಕೇ 95 ನಿಮಿಷ ಹಿಡಿಯಿತು. ಮಾವನ ತೋಟದ ಕಂಬ ನೆನಪಾಯಿತು ನನಗೆ. ಗುರುತು ಇದೆ, ಜಾಗ ತಪ್ಪು.

ನಮ್ಮ ದೇಶದಲ್ಲಿ ಇದಕ್ಕೆ ಏನೂ ಮಾಡಿಲ್ಲ ಅಂತಲ್ಲ. 2021ರ ಅಕ್ಟೋಬರಿನಲ್ಲಿ ಶುರುವಾದ, ಕೇಂದ್ರ ಸರ್ಕಾರದ ಗತಿಶಕ್ತಿ ನಕ್ಷೆಯಲ್ಲಿ ರಸ್ತೆ, ರೈಲು, ಕಾಡು, ಪೈಪ್‌ಲೈನ್ ಅಂತ ಸಾವಿರಕ್ಕೂ ಹೆಚ್ಚು ಪದರಗಳಿವೆ. 2023ರ ಮಾರ್ಚಿನಲ್ಲಿ 'ಕಾಲ್ ಬಿಫೋರ್ ಯೂ ಡಿಗ್' ಆ್ಯಪ್ ಬಂತು. ಎಲ್ಲಿ ಅಗೆಯುತ್ತೀರಿ ಅಂತ ಅದರಲ್ಲಿ ಹಾಕಿದರೆ, ಅಲ್ಲಿ ಕೇಬಲ್, ಪೈಪ್ ಇರುವವರಿಗೆ ಸಂದೇಶ ಹೋಗುತ್ತದೆ. ಸಿಕ್ಕಾಪಟ್ಟೆ ಅಗೆದು ಕೇಬಲ್ ಮುಂತಾದವು ಹಾಳಾಗುವುದರಿಂದ ವರ್ಷಕ್ಕೆ ಸುಮಾರು 3000 ಕೋಟಿ ರೂಪಾಯಿ ನಷ್ಟ ಅಂತ ಆಗ ಸರ್ಕಾರವೇ ಹೇಳಿತ್ತು. ಒಳ್ಳೆಯ ಕೆಲಸ, ನಿಜವಾಗಿಯೂ. ಆದರೆ ಅವತ್ತು ಜೆಸಿಬಿ ಹುಡುಗನನ್ನು ಕೇಳಿದೆ. ಅಂಥ ಆ್ಯಪ್ ಇದೆ ಅಂತಲೇ ಅವನಿಗೆ ಗೊತ್ತಿರಲಿಲ್ಲ. ಮಾವನಿಗೂ ಇಲ್ಲ. ನನಗೂ ಗೊತ್ತಾಗಿದ್ದು ಈಚೆಗೆ.

ನನಗೆ ಬೇಕಾಗಿರುವುದು ದೊಡ್ಡದೇನಲ್ಲ. ನಮ್ಮ ರೈತರು ಈಗ ದಿಶಾಂಕ್ ಆ್ಯಪ್ ತೆರೆದು, ನಿಂತ ಜಾಗದ ಸರ್ವೆ ನಂಬರ್ ನೋಡಿಕೊಳ್ಳುತ್ತಾರೆ. ಒತ್ತುವರಿ ಜಗಳ ಬಂದಾಗಲೆಲ್ಲ ಮಾವ ಫೋನ್ ಹಿಡಿದು ಬೇಲಿಯುದ್ದಕ್ಕೂ ಓಡಾಡುವುದು ಅದರಲ್ಲೇ. ಆ ನಕ್ಷೆ ಮೇಲೆ ಪೈಪ್ ಹಾದುಹೋಗುವ ನೆಲದ ಪಟ್ಟಿಯೂ ಒಂದು ಬಣ್ಣದಲ್ಲಿ ಕಂಡರೆ ಸಾಕು. ಒಳಗೆ ಏನು ಹರಿಯುತ್ತದೆ, ಯಾವ ನಂಬರಿಗೆ ಫೋನ್ ಮಾಡಬೇಕು, ಎರಡೂ ಕನ್ನಡದಲ್ಲಿ. ಪಹಣಿಯಲ್ಲಿ ಸಾಲ ಬರೆಯುವ 11ನೇ ಕಾಲಂನಲ್ಲಿ, ಈ ಜಮೀನಿನಡಿ ಪೈಪ್ ಇದೆ ಅಂತ ಒಂದು ಸಾಲು, ಪೈಪ್ ಹಾದ ಜಮೀನಿನ ಪ್ರತಿಯೊಬ್ಬರಿಗೂ ತಪ್ಪದೆ ಬರಲಿ. 1962ರ ಪೈಪ್‌ಲೈನ್ ಕಾನೂನಿನ ಪ್ರಕಾರ ಜಮೀನು ರೈತನದೇ ಆಗಿ ಉಳಿಯುತ್ತದೆ, ಆದರೆ ಆ ಪಟ್ಟಿಯಲ್ಲಿ ಮನೆ ಕಟ್ಟುವ ಹಾಗಿಲ್ಲ, ಬಾವಿ, ಕೆರೆ ತೆಗೆಯುವ ಹಾಗಿಲ್ಲ, ಮರ ನೆಡುವ ಹಾಗಿಲ್ಲ. ಪರಿಹಾರ ತಗೊಂಡ ಅಪ್ಪನಿಗೆ ಇದು ಗೊತ್ತಿರುತ್ತದೆ. ಮಗನಿಗೆ ಅರ್ಧಂಬರ್ಧ. ಆ ಮಗ ಹೋಂಸ್ಟೇ ಕಟ್ಟುವವರಿಗೆ ಮಾರಿದರೆ ಆ ಕೊಂಡವರಿಗೆ ಯಾರು ಹೇಳಬೇಕು?

ಎಲ್ಲರಿಗೂ ನಕ್ಷೆ ತೋರಿಸಿದರೆ ಕೆಡುಕರ ಕೈಗೂ ಸಿಗುತ್ತದೆ ಅಂತ ಒಬ್ಬ ಸ್ನೇಹಿತರು ಹೇಳಿದರು. ಈ ಭಯ ಸುಳ್ಳಲ್ಲ, ನಾನೂ ಯೋಚಿಸಿದೆ. ಆದರೆ ಗುರುತಿನ ಕಂಬಗಳು ರಸ್ತೆ ಬದಿಯಲ್ಲೇ ನಿಂತಿವೆ, ಹುಡುಕುವವನಿಗೆ ಅವು ಸಾಕು. ಪಂಪ್ ಎಷ್ಟು ಒತ್ತಡದಲ್ಲಿ ಓಡುತ್ತದೆ, ವಾಲ್ವ್ ಎಲ್ಲಿದೆ ಅನ್ನುವುದನ್ನೆಲ್ಲ ಮುಚ್ಚಿಡಿ. ಪೈಪ್ ಹಾದುಹೋಗುವ ಪಟ್ಟಿಯನ್ನು ಮಾತ್ರ ಅದರ ಮೇಲೆ ಬದುಕುವವರಿಗೆ ಮುಚ್ಚಿಡಬೇಡಿ. 2014ರ ಜೂನ್ 27ರ ಬೆಳಗಿನ ಜಾವ ಆಂಧ್ರದ ನಗರಂ ಹಳ್ಳಿಯಲ್ಲಿ ಗ್ಯಾಸ್ ಪೈಪ್ ಹೊತ್ತಿಕೊಂಡಾಗ, ಇಪ್ಪತ್ತು ಜನಕ್ಕೂ ಜಾಸ್ತಿ ಸತ್ತರು. ಪೈಪಿನ ಪಕ್ಕದ ಮನೆಗಳಲ್ಲಿ ಬದುಕುತ್ತಿದ್ದ ಜನ.

ಇನ್ನೊಂದು ಮಾತು. ಮಲೆನಾಡಿನಲ್ಲಿ ನಕ್ಷೆ ಒಂದು ಸಲ ಮಾಡಿ ಮುಗಿಸುವಂಥದ್ದಲ್ಲ. ಇಲ್ಲಿ ಧರೆ ಜರಿಯುತ್ತದೆ, ಹಳ್ಳ ದಿಕ್ಕು ಬದಲಿಸುತ್ತದೆ, ಪೈಪ್ ಮೇಲಿನ ಮಣ್ಣು ಕೊಚ್ಚಿಹೋಗಿ ಮೀಟರ್ ಇದ್ದದ್ದು ಒಂದಡಿ ಆಗಿರುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಯಾರಾದರೂ ನಡೆದು ನೋಡಿ ತಿದ್ದಬೇಕು. ಆ ನಡೆಯುವವರು ಈಗಾಗಲೇ ಇದ್ದಾರೆ. ಅವತ್ತು ಓಡಿ ಬಂದ ಲೈನ್ ವಾಕರ್ ಅಣ್ಣನಿಗೆ ಎಲ್ಲಿ ಮಣ್ಣು ಜಗ್ಗಿದೆ, ಯಾವ ಕಂಬ ಲಂಟಾನದೊಳಗೆ ಮುಚ್ಚಿಹೋಗಿದೆ, ಯಾರು ಮೊನ್ನೆ ಬಾಳೆ ಹಾಕಿದರು, ಎಲ್ಲಾ ಬಾಯಿಪಾಠ. ಶಿವಮೊಗ್ಗದ ನಮ್ಮ ಬೀದಿಯಲ್ಲಿ ನೀರು ಬಿಡುವ ವಾಲ್‌ಮನ್ ಕೂಡ ಹಾಗೇ. ಹೋದ ವರ್ಷ ಕೇಬಲ್‌ಗೆ ಅಗೆಯುವವರು ನೀರಿನ ಪೈಪ್ ಒಡೆದಾಗ, ಯಾವ ಕಲ್ಲಿನ ಕೆಳಗೆ ವಾಲ್ವ್ ಇದೆ ಅಂತ ಹೇಳಿದ್ದು ಅವರೊಬ್ಬರೇ. ಅವರು ರಿಟೈರ್ ಆದರೆ ನಮ್ಮ ಬೀದಿಯ ನಕ್ಷೆಯೂ ಅವರ ಜೊತೆ ಹೋಗುತ್ತದೆ. ನೀರಾದರೆ ಎರಡು ದಿನ ಬಕೆಟ್ ಹೊತ್ತರೆ ಆಯಿತು. ಗ್ಯಾಸ್ ಆದರೆ?

ಮಾರನೇ ದಿನ ಪೈಪಿನವರು ಹುಡುಕುವ ಯಂತ್ರ ತಂದು, ಸರಿಯಾದ ಜಾಗ ನೋಡಿ ಕಂಬ ನೆಟ್ಟರು. ಮಾವ ಪಕ್ಕದಲ್ಲೇ ನಿಂತು ಅದರ ಫೋಟೋ ತೆಗೆಸಿದರು, ನನ್ನ ಫೋನಿನಲ್ಲಿ ಜಾಗದ ಗುರುತನ್ನೂ ಉಳಿಸಿಕೊಂಡರು. ಜೆಸಿಬಿ ಹುಡುಗ ಕಂಬದ ಮೇಲಿದ್ದ ನಂಬರನ್ನು ಬರೆದುಕೊಂಡ. ಆಮೇಲೆ ಪಟ್ಟಿಯಿಂದ ದೂರ ಸರಿದು ಮತ್ತೆ ಅಗೆಯಲು ಶುರು ಮಾಡಿದ. ನೇರ ಹೋಗಬೇಕಿದ್ದ ಅಗಳ ಹಳ್ಳದ ಹತ್ತಿರ ಈಗ ದೊಡ್ಡದಾಗಿ ಸುತ್ತು ಬಳಸಿ ಹೋಗಿದೆ. ಹೊಸದಾಗಿ ಬಂದವರು ಇದ್ಯಾಕೆ ಹೀಗೆ ಸೊಟ್ಟ ಅಂತ ಕೇಳಿದರೆ ಮಾವ ಅವರನ್ನು ಅಲ್ಲಿಯವರೆಗೂ ಕರೆದುಕೊಂಡು ಹೋಗಿ ತೋರಿಸುತ್ತಾರೆ.